ಕಾರ್ಡ್ ಇದ್ದವರ ಅಂಗಡಿಗೆ ಹೋಗುವ ಮೊದಲು

ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ, ನೀರ್ಚಾಲು ಕಡೆ ಈಗ ಯಾವ ಮನೆಗೆ ಹೋದರೂ ಒಬ್ಬ ಮಗನೋ ಮಗಳೋ ಹೊರದೇಶದಲ್ಲಿದ್ದಾರೆ. ಬಾಣಂತನಕ್ಕೆ, ಮೊಮ್ಮಕ್ಕಳನ್ನು ನೋಡಿಕೊಳ್ಳಲಿಕ್ಕೆ ಅಂತ ನಾವು ತಿಂಗಳುಗಟ್ಟಲೆ ಹೋಗಿ ಇರುತ್ತೇವೆ. ಅಮೆರಿಕವೋ ಕೆನಡಾವೋ ಆದರೆ, ಹೋದ ಮೊದಲ ಶನಿವಾರವೇ ಮಕ್ಕಳು ಕಾರಿನಲ್ಲಿ ಕೂರಿಸಿಕೊಂಡು ಕಾಸ್ಟ್‌ಕೋ ಅನ್ನುವ ಗೋದಾಮಿನಂಥ ಅಂಗಡಿಗೆ ಕರೆದುಕೊಂಡು ಹೋಗುತ್ತಾರೆ. ಒಳಗೆ ಕಾಲಿಟ್ಟರೆ ಕತ್ತೆತ್ತಿ ನೋಡಬೇಕು, ಅಷ್ಟು ಎತ್ತರಕ್ಕೆ ಸಾಮಾನು ಪೇರಿಸಿಟ್ಟಿರುತ್ತಾರೆ. ಹೆಚ್ಚಿನ ಅಪ್ಪ-ಅಮ್ಮಂದಿರು ಅಲ್ಲಿ ಟ್ರಾಲಿಯ ಹಿಂದೆ ಸುಮ್ನೆ ನಡೆಯುತ್ತಾರೆ. ಹಾಗೆ ಮಾಡಬೇಡಿ. ಸಗಟಿಗೆ ಸಾಮಾನು ತರುವ ವಿದ್ಯೆ ಮಕ್ಕಳಿಗಿಂತ ನಮಗೇ ಚೆನ್ನಾಗಿ ಗೊತ್ತು.

ನಮ್ಮದು ತೋಟದ ಮನೆ. ಪೂಜೆ, ಶ್ರಾದ್ಧ, ಉಪನಯನ ಅಂತ ಆಗಾಗ ದೊಡ್ಡ ಅಡಿಗೆ ಇರುತ್ತದೆ. ಸಾಮಾನಿನ ಚೀಟಿ ಬರೆಯುವುದು ಮದುವೆಯಾಗಿ ಬಂದಂದಿನಿಂದ ನನ್ನ ಕೆಲಸ. ತಲಪಾಡಿ ದಾಟಿ ಮಂಗಳೂರಿನ ಬಂದರಿನ ಸಗಟು ಪೇಟೆಗೆ ಹೋಗಿ ಬೆಲ್ಲ, ಬೇಳೆ, ಮೆಣಸು ತರುವಾಗ ಯಾವುದನ್ನು ಮೂಟೆಯಲ್ಲಿ ತರಬೇಕು, ಯಾವುದನ್ನು ಕಿಲೋ ಲೆಕ್ಕದಲ್ಲಿ ತರಬೇಕು ಅಂತ ಕೈಗೇ ಗೊತ್ತಿರುತ್ತದೆ. ಮಗ ನ್ಯೂಜೆರ್ಸಿಯಲ್ಲಿದ್ದಾನೆ, ಮಗಳು ಟೊರೊಂಟೊ ಹತ್ತಿರ, ತಂಗಿಯ ಮಗಳು ಇಂಗ್ಲೆಂಡಿನ ಲೀಡ್ಸ್‌ನಲ್ಲಿ. ಅವರ ಜೊತೆ ಈ ಅಂಗಡಿಗಳಿಗೆ ಹೋಗಿ ಬಂದ ಮೇಲೆ ಹೊರಡುವವರಿಗೆ ಹೇಳಬೇಕು ಅನಿಸಿದ್ದನ್ನೆಲ್ಲ ಇಲ್ಲಿ ಬರೆದಿದ್ದೇನೆ. ಮಕ್ಕಳೂ ಓದಿದರೆ ಒಳ್ಳೆಯದು.

ಇದು ಎಂಥ ಅಂಗಡಿ?

ವರ್ಷಕ್ಕೆ ಇಷ್ಟು ಅಂತ ಹಣ ಕಟ್ಟಿ ಕಾರ್ಡ್ ಮಾಡಿಸಿಕೊಂಡವರಿಗೆ ಮಾತ್ರ ಮಾರುವ ಗೋದಾಮು. ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ 1976ರಲ್ಲಿ ಸೋಲ್ ಪ್ರೈಸ್ ಅನ್ನುವವರು ಒಂದು ಹಳೇ ವಿಮಾನದ ಶೆಡ್ಡಿನಲ್ಲಿ ಪ್ರೈಸ್ ಕ್ಲಬ್ ಅಂತ ಶುರು ಮಾಡಿದರು. ಮೊದಲಿಗೆ ಸಣ್ಣ ವ್ಯಾಪಾರಿಗಳಿಗೆ ಮಾತ್ರ ಇತ್ತು. 1983ರಲ್ಲಿ ಸಿಯಾಟಲ್‌ನಲ್ಲಿ ಕಾಸ್ಟ್‌ಕೋ ಬಂತು. ಅದೇ ವರ್ಷ ವಾಲ್‌ಮಾರ್ಟ್‌ನವರ ಸ್ಯಾಮ್ಸ್ ಕ್ಲಬ್ ಕೂಡ ಬಂತು. 1993ರಲ್ಲಿ ಪ್ರೈಸ್ ಕ್ಲಬ್ ಮತ್ತು ಕಾಸ್ಟ್‌ಕೋ ಒಂದಾದವು. ಅಮೆರಿಕದ ಪೂರ್ವದ ಕಡೆ ಬೀಜೇಸ್ ಅಂತ ಇನ್ನೊಂದಿದೆ.

ನಮ್ಮ ಕಡೆಯವರು ಮೆಂಬರ್ ಅಂದ ಕೂಡಲೇ ಅಡಿಕೆ ಬೆಳೆಗಾರರ ಸಹಕಾರ ಸಂಘವಾದ ಕ್ಯಾಂಪ್ಕೋವನ್ನೋ ಊರಿನ ಸೊಸೈಟಿಯನ್ನೋ ನೆನೆಯುತ್ತೇವೆ. ಅಲ್ಲಿ ನಾವು ಶೇರು ಕಟ್ಟಿದವರು, ಸಂಘ ನಮ್ಮದು, ಮಹಾಸಭೆಯಲ್ಲಿ ಎದ್ದು ನಿಂತು ಕೇಳಬಹುದು. ಇದು ಹಾಗಲ್ಲ. ಕಾರ್ಡಿಗೆ ಕಟ್ಟಿದ ಹಣ ಬಾಗಿಲು ದಾಟಲಿಕ್ಕೆ ಮಾತ್ರ. ಆದರೆ ಅದರಿಂದ ಒಂದು ಲಾಭ ಇದೆ. ಕಾಸ್ಟ್‌ಕೋದವರ ಲಾಭದ ದೊಡ್ಡ ಪಾಲು ಬರುವುದೇ ಕಾರ್ಡಿನ ಹಣದಿಂದ. ಹಾಗಾಗಿ ಸಾಮಾನಿನ ಮೇಲೆ ಅವರು ಇಡುವ ಲಾಭ ಹೆಚ್ಚಾಗಿ ನೂರಕ್ಕೆ 14-15ರ ಒಳಗೇ ಇರುತ್ತದೆ. ಸಾಮಾನಿನ ಬಗೆಗಳೂ ಕಡಿಮೆ, ಸುಮಾರು 4000 ಅಷ್ಟೇ. ಶಾಂಪೂ ಅಂದರೆ ನಾಲ್ಕೈದು ಬಗೆ, ಮೂವತ್ತು ಬಗೆ ಇಲ್ಲ. ಇಷ್ಟು ಗೊತ್ತಿದ್ದರೆ ಅಂಗಡಿಯ ಮೇಲೆ ಅನುಮಾನವೂ ಬೇಡ, ಅತಿ ನಂಬಿಕೆಯೂ ಬೇಡ. ಬೆಲೆ ಹೆಚ್ಚಾಗಿ ನ್ಯಾಯದ್ದೇ. ನಮಗೆ ಬೇಡದಷ್ಟು ತಂದರೆ ಮಾತ್ರ ನಷ್ಟ.

ಕಾರ್ಡ್ ಯಾರದ್ದು, ಯಾವುದು

ನೀವು ನೋಡಲು ಹೋದವರಾದರೆ ನಿಮಗೆ ಬೇರೆ ಕಾರ್ಡ್ ಬೇಡ. ಕಾಸ್ಟ್‌ಕೋದಲ್ಲಿ ಕಾರ್ಡ್ ಇದ್ದವರು ತಮ್ಮ ಜೊತೆ ಇಬ್ಬರನ್ನು ಕರೆದುಕೊಂಡು ಹೋಗಬಹುದು. ಹಣ ಕೊಡುವುದು ಮಾತ್ರ ಕಾರ್ಡ್ ಇದ್ದವರೇ. ಮಗನ ಕಾರ್ಡ್ ಹಿಡಿದುಕೊಂಡು ನಾವೇ ಹೋಗುತ್ತೇವೆ ಅಂದರೆ ಆಗುವುದಿಲ್ಲ. ಕಾರ್ಡಿನಲ್ಲಿ ಫೋಟೋ ಇರುತ್ತದೆ, ಈಗ ಬಾಗಿಲಲ್ಲೇ ಸ್ಕ್ಯಾನ್ ಮಾಡಿ ಒಳಗೆ ಬಿಡುತ್ತಾರೆ. ಒಂದು ಕಾರ್ಡ್ ಮಾಡಿಸಿದರೆ ಅದೇ ವಿಳಾಸದಲ್ಲಿರುವ ಇನ್ನೊಬ್ಬರಿಗೆ ಒಂದು ಕಾರ್ಡ್ ಪುಕ್ಕಟೆ ಸಿಗುತ್ತದೆ. ಗಂಡ-ಹೆಂಡತಿ ಇಬ್ಬರೂ ಬೇರೆ ಬೇರೆ ಹಣ ಕಟ್ಟಿದ ಮನೆಗಳನ್ನು ನೋಡಿದ್ದೇನೆ. ಅದು ಸುಮ್ನೆ ದಂಡ.

ಅಮೆರಿಕದಲ್ಲಿ 2024ರ ಸೆಪ್ಟೆಂಬರಿನಿಂದ ಸಾದಾ ಕಾರ್ಡಿಗೆ ವರ್ಷಕ್ಕೆ 65 ಡಾಲರ್, ಎಕ್ಸಿಕ್ಯೂಟಿವ್ ಅನ್ನುವ ದೊಡ್ಡ ಕಾರ್ಡಿಗೆ 130. ಕೆನಡಾದಲ್ಲೂ ಅಂಕಿ ಅದೇ, ಡಾಲರ್ ಮಾತ್ರ ಅವರದ್ದು. ದೊಡ್ಡ ಕಾರ್ಡಿಗೆ ಖರೀದಿಯ ಮೇಲೆ ನೂರಕ್ಕೆ 2ರಂತೆ ವರ್ಷದ ಕೊನೆಗೆ ವಾಪಸ್ ಬರುತ್ತದೆ. ಕೇಳಲಿಕ್ಕೆ ಚೆಂದ. ಆದರೆ ಲೆಕ್ಕ ಹಾಕಿ. ಹೆಚ್ಚಿಗೆ ಕಟ್ಟುವ 65 ಡಾಲರ್ ಹುಟ್ಟಬೇಕಾದರೆ ವರ್ಷಕ್ಕೆ 3250 ಡಾಲರ್ ಖರೀದಿ ಆಗಬೇಕು. ತಿಂಗಳಿಗೆ ಸುಮಾರು 270. ಎರಡು ಮಕ್ಕಳ ಮನೆ, ಡಯಾಪರ್, ಹಾಲು, ಹಣ್ಣು ಎಲ್ಲ ಅಲ್ಲಿಂದಲೇ ಅಂದರೆ ಈ ಮೊತ್ತ ಸಲೀಸಾಗಿ ದಾಟುತ್ತದೆ. ಇಬ್ಬರೇ ಇದ್ದು ಹೆಚ್ಚು ಹೊರಗೆ ಊಟ ಮಾಡುವ ಮನೆಗೆ ಸಾದಾ ಕಾರ್ಡೇ ಸಾಕು. ಸಾದಾ ಕಾರ್ಡಿನ 65 ಡಾಲರ್ ಅಂದರೆ ತಿಂಗಳಿಗೆ ಐದೂವರೆಯಷ್ಟು. ಅಕ್ಕಿ, ಬೆಣ್ಣೆ, ಬಾದಾಮಿ ಈ ಮೂರರಲ್ಲೇ ಅಷ್ಟು ಉಳಿಯುತ್ತದಾ ಅಂತ ನೋಡಿ. ಉಳಿಯದಿದ್ದರೆ ಕಾರ್ಡೇ ಬೇಡ.

ಸ್ಯಾಮ್ಸ್ ಕ್ಲಬ್ ಸ್ವಲ್ಪ ಅಗ್ಗ, ಸಾದಾ ಕಾರ್ಡ್ 50 ಡಾಲರಿಗೆ ಸಿಗುತ್ತಿತ್ತು. ಫೋನಿನಲ್ಲೇ ಸಾಮಾನು ಸ್ಕ್ಯಾನ್ ಮಾಡಿ ಹಣ ಕೊಟ್ಟು ಸಾಲಿನಲ್ಲಿ ನಿಲ್ಲದೆ ಬರಬಹುದು, ಮೊಣಕಾಲು ನೋವಿನವರಿಗೆ ಇದು ದೊಡ್ಡ ಉಪಕಾರ. ಬೀಜೇಸ್‌ನಲ್ಲಿ ಕಂಪನಿಯ ಕೂಪನ್‌ಗಳೂ ನಡೆಯುತ್ತವೆ. ಯಾವುದಕ್ಕೆ ಸೇರಬೇಕು ಅನ್ನುವುದನ್ನು ಮನೆಯಿಂದ ಎಷ್ಟು ದೂರ ಅನ್ನುವುದೇ ತೀರ್ಮಾನಿಸಲಿ.

ಕಾಸ್ಟ್‌ಕೋ ಕಾರ್ಡಿಗೆ ಇನ್ನೊಂದು ಗುಣ ಇದೆ. ಒಂದು ದೇಶದ ಕಾರ್ಡ್ ಬೇರೆ ದೇಶದ ಕಾಸ್ಟ್‌ಕೋದಲ್ಲೂ ನಡೆಯುತ್ತದೆ. ಮಗ ಕಾರಿನಲ್ಲಿ ಅಕ್ಕನ ಮನೆಗೆ ಟೊರೊಂಟೊಗೆ ಹೋದಾಗ ನ್ಯೂಜೆರ್ಸಿಯ ಕಾರ್ಡನ್ನೇ ತೋರಿಸುತ್ತಾನೆ. ಆದರೆ ಹಣ ಕೊಡುವ ಕಾರ್ಡಿನ ಕಥೆ ಬೇರೆ. ಅಮೆರಿಕದ ಅಂಗಡಿಯಲ್ಲಿ ಕ್ರೆಡಿಟ್ ಕಾರ್ಡ್ ಆದರೆ ವೀಸಾ ಮಾತ್ರ. ಕೆನಡಾದಲ್ಲಿ ಮಾಸ್ಟರ್‌ಕಾರ್ಡ್ ಮಾತ್ರ. ಗಡಿ ದಾಟುವ ಮೊದಲು ಮಕ್ಕಳಿಗೆ ನೆನಪಿಸಿ, ಇಲ್ಲವಾದರೆ ತುಂಬಿದ ಟ್ರಾಲಿಯೊಂದಿಗೆ ಕೌಂಟರಿನಲ್ಲಿ ಒದ್ದಾಡಬೇಕಾದೀತು.

ಹೊರಡುವ ಮೊದಲು ಅಡಿಗೆಮನೆ ನೋಡಿ

ಇಡೀ ಬರಹದಲ್ಲಿ ನನಗೆ ಬಹಳ ಮುಖ್ಯ ಅನಿಸುವುದು ಇದು. ಮಕ್ಕಳ ಮನೆಯಲ್ಲಿ ತಿಂಗಳಿಗೆ ಏನು ಎಷ್ಟು ಖರ್ಚಾಗುತ್ತದೆ ಅಂತ ಅವರಿಗೇ ಗೊತ್ತಿರುವುದಿಲ್ಲ. ಆಫೀಸು, ಮಕ್ಕಳ ಶಾಲೆ ಅಂತ ಓಡುವವರಿಗೆ ಅದಕ್ಕೆ ಪುರುಸೊತ್ತಿಲ್ಲ. ನಮಗೆ ಪುರುಸೊತ್ತಿದೆ. ಹೋದ ಮೇಲೆ ಒಂದು ಸಣ್ಣ ಪುಸ್ತಕ ಇಟ್ಟುಕೊಳ್ಳಿ. ಹೊಸ ಪ್ಯಾಕೆಟ್ ಒಡೆದ ದಿನ ತಾರೀಕು ಬರೆಯಿರಿ, ಮುಗಿದ ದಿನ ಬರೆಯಿರಿ. ಅಕ್ಕಿ, ಎಣ್ಣೆ, ಸಕ್ಕರೆ, ಹಾಲು, ಬೆಣ್ಣೆ, ಬಟ್ಟೆ ಒಗೆಯುವ ಸೋಪು. ಒಂದು ತಿಂಗಳು ಇಷ್ಟು ಬರೆದರೆ ಮನೆಯ ಲೆಕ್ಕ ಕೈಗೆ ಬರುತ್ತದೆ. ಆಮೇಲೆ ಅಂಗಡಿಯಲ್ಲಿ ಐದು ಲೀಟರಿನ ಡಬ್ಬ ಕಂಡರೆ ಇದು ನಮಗೆ ಎಷ್ಟು ದಿನಕ್ಕೆ ಬರುತ್ತದೆ ಅಂತ ತಟ್ಟನೆ ಹೇಳಬಹುದು.

ಅದೇ ಪುಸ್ತಕದ ಹಿಂದಿನ ಪುಟದಲ್ಲಿ ಬೆಲೆ ಬರೆದಿಡಿ. ನಮ್ಮ ದೇಶದಲ್ಲಿ ಪ್ಯಾಕೆಟ್ ಮೇಲೆ ಎಂ.ಆರ್.ಪಿ. ಇರುತ್ತದೆ, ಅದನ್ನು ನೋಡಿ ಎಷ್ಟು ಕಡಿಮೆಗೆ ಕೊಟ್ಟರು ಅಂತ ತಿಳಿಯುತ್ತದೆ. ಅಲ್ಲಿ ಎಂ.ಆರ್.ಪಿ. ಅನ್ನುವುದೇ ಇಲ್ಲ. ಪ್ರತಿ ಅಂಗಡಿಯವನು ತನ್ನ ಬೆಲೆ ತಾನೇ ಹಾಕುತ್ತಾನೆ. ಗೋದಾಮಿನ ಅಂಗಡಿ ಅಂದ ಮಾತ್ರಕ್ಕೆ ಎಲ್ಲವೂ ಅಗ್ಗ ಅಂದುಕೊಳ್ಳಬಾರದು. ತೊಗರಿಬೇಳೆ, ಉದ್ದು, ಸಾಸಿವೆ, ಹಿಂಗು ಇವುಗಳಿಗೆ ಇಂಡಿಯನ್ ಅಂಗಡಿಯೇ ಸರಿ. ಕುಚ್ಚಲಕ್ಕಿಗೂ ಅಲ್ಲಿಗೇ ಹೋಗಬೇಕು. ಕೇರಳದ ಸಾಮಾನು ಇಡುವ ಅಂಗಡಿಯಲ್ಲಿ ಮಟ್ಟ ಅಂತ ಕೇಳಿದರೆ ಕೆಂಪಕ್ಕಿ ಕೊಡುತ್ತಾರೆ. ಮಕ್ಕಳಿರುವ ಊರಿನ ಸೂಪರ್ ಮಾರ್ಕೆಟಿನಲ್ಲೂ ಕೆಲವು ವಾರ ಒಂದೆರಡು ಸಾಮಾನಿಗೆ ಬೆಲೆ ತುಂಬಾ ಇಳಿಸುತ್ತಾರೆ, ಜನ ಬರಲಿ ಅಂತ. ಆ ವಾರ ಗೋದಾಮಿಗಿಂತ ಅಲ್ಲೇ ಅಗ್ಗ. ಬೆಲೆ ಬರೆದಿಟ್ಟವರಿಗೆ ಮಾತ್ರ ಇದು ಕಾಣುತ್ತದೆ.

ಪೌಂಡು, ಔನ್ಸು, ಗ್ಯಾಲನ್

ಬೆಲೆಯ ಚೀಟಿಯಲ್ಲಿ ದೊಡ್ಡದಾಗಿ ಬರೆದದ್ದು ಇಡೀ ಪ್ಯಾಕಿನ ಬೆಲೆ. ಒಂದು ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಪೌಂಡಿಗೆ ಎಷ್ಟು, ಔನ್ಸಿಗೆ ಎಷ್ಟು ಅಂತ ಇರುತ್ತದೆ. ನೋಡಬೇಕಾದದ್ದು ಆ ಸಣ್ಣ ಅಕ್ಷರ. ಕನ್ನಡಕ ಮರೆಯಬೇಡಿ. ನಮ್ಮ ಪ್ಯಾಕೆಟ್‌ಗಳ ಮೇಲೂ ಈಗ ಗ್ರಾಮಿಗೆ ಎಷ್ಟು ಅಂತ ಮುದ್ರಿಸುತ್ತಾರೆ, ಅದನ್ನು ನೋಡುವ ಅಭ್ಯಾಸ ಇಲ್ಲಿಂದಲೇ ಮಾಡಿಕೊಂಡು ಹೋದರೆ ಅಲ್ಲಿ ಸುಲಭ.

ಅಮೆರಿಕದಲ್ಲಿ ಎಲ್ಲವೂ ಪೌಂಡು. ಒಂದು ಪೌಂಡು ಅಂದರೆ 454 ಗ್ರಾಂ. ಪೌಂಡಿನ ಬೆಲೆಯನ್ನು ಕಿಲೋಗೆ ತಿರುಗಿಸಲು ನಾನು ಮಾಡುವ ಉಪಾಯ ಹೇಳುತ್ತೇನೆ. ಬೆಲೆಯನ್ನು ದುಪ್ಪಟ್ಟು ಮಾಡಿ, ಬಂದದ್ದರ ಹತ್ತನೇ ಒಂದು ಪಾಲನ್ನು ಅದಕ್ಕೇ ಸೇರಿಸಿ. ಪೌಂಡಿಗೆ 4 ಡಾಲರ್ ಅಂದರೆ ದುಪ್ಪಟ್ಟು 8, ಅದರ ಹತ್ತನೇ ಪಾಲು 80 ಸೆಂಟ್, ಕಿಲೋಗೆ 8 ಡಾಲರ್ 80 ಸೆಂಟ್. ಫೋನ್ ತೆಗೆಯುವುದೇ ಬೇಡ.

ಪೌಂಡು ನಮಗೆ ಹೊಸದೂ ಅಲ್ಲ. ಗೇರುಬೀಜದ ವ್ಯಾಪಾರ ಬಲ್ಲವರಿಗೆ ಡಬ್ಲ್ಯು 240, ಡಬ್ಲ್ಯು 320 ಗೊತ್ತೇ ಇರುತ್ತದೆ. ಆ 320 ಅಂದರೆ ಒಂದು ಪೌಂಡಿಗೆ 300ರಿಂದ 320 ಬೀಜ ಹಿಡಿಯುವಷ್ಟು ಗಾತ್ರ. ಅಂಕಿ ಸಣ್ಣದಾದಷ್ಟೂ ಬೀಜ ದೊಡ್ಡದು. ಕಾಸ್ಟ್‌ಕೋದ ಸ್ವಂತ ಬ್ರ್ಯಾಂಡ್ ಕರ್ಕ್‌ಲ್ಯಾಂಡ್. ಅವರ ಗೇರುಬೀಜದ ಡಬ್ಬ ಎರಡೂವರೆ ಪೌಂಡಿನದ್ದು, ಅಂದರೆ 1.13 ಕಿಲೋ. ಡಬ್ಬ ಪಾರದರ್ಶಕ, ತಿರುಗಿಸಿ ನೋಡಿದರೆ ಇಡೀ ಬೀಜ ಎಷ್ಟಿದೆ, ತುಂಡು ಎಷ್ಟು ಕೆಳಗೆ ಕೂತಿದೆ ಅಂತ ಕಾಣುತ್ತದೆ. ಗೇರುಬೀಜದ ಊರಿನಿಂದ ಹೋದವರು ಇದನ್ನು ನೋಡದೆ ಟ್ರಾಲಿಗೆ ಹಾಕಬಾರದು, ಅಲ್ವಾ? ಪಾಯಸಕ್ಕೆ ಬೇಕಾದರೆ ಉಪ್ಪಿಲ್ಲದ್ದನ್ನೇ ತೆಗೆದುಕೊಳ್ಳಿ. ಕೆನಡಾದಲ್ಲಿ ಅದಕ್ಕೆ ಇನ್ನೊಂದು ಕಾರಣ ಇದೆ. ಉಪ್ಪು ಹಾಕಿದ ಬೀಜಕ್ಕೆ ಅಲ್ಲಿ ತಿಂಡಿಯ ಲೆಕ್ಕದಲ್ಲಿ ತೆರಿಗೆ ಬೀಳುತ್ತದೆ, ಉಪ್ಪಿಲ್ಲದ್ದಕ್ಕೆ ಇಲ್ಲ. ಮಗಳ ಒಂಟಾರಿಯೋದಲ್ಲಿ ಆ ತೆರಿಗೆ ನೂರಕ್ಕೆ 13.

ತೆರಿಗೆಯ ವಿಷಯ ಬಂತು, ಹೇಳಿಬಿಡುತ್ತೇನೆ. ಅಮೆರಿಕ, ಕೆನಡಾ ಎರಡರಲ್ಲೂ ಚೀಟಿಯ ಬೆಲೆಯಲ್ಲಿ ತೆರಿಗೆ ಸೇರಿರುವುದಿಲ್ಲ. ಕೌಂಟರಿನಲ್ಲಿ ಸೇರುತ್ತದೆ. ಅಡಿಗೆಯ ಸಾಮಾನಿಗೆ ಹೆಚ್ಚಿನ ಕಡೆ ತೆರಿಗೆ ಇಲ್ಲ, ಸೋಪು, ಪಾತ್ರೆ, ಟಿ.ವಿ.ಗೆ ಇದೆ. ಆಸ್ಟ್ರೇಲಿಯಾದಲ್ಲಿ ನಮ್ಮ ಹಾಗೆ ಎಲ್ಲ ಸೇರಿಸಿಯೇ ಬರೆದಿರುತ್ತಾರೆ.

ಔನ್ಸಿನಲ್ಲಿ ಒಂದು ಎಚ್ಚರ ಬೇಕು. ತೂಕಕ್ಕೂ ಔನ್ಸ್ ಅನ್ನುತ್ತಾರೆ, ಎಣ್ಣೆ-ಹಾಲಿನ ಅಳತೆಗೂ ಔನ್ಸ್ ಅನ್ನುತ್ತಾರೆ. ತೂಕದ್ದು 28 ಗ್ರಾಂ ಚಿಲ್ಲರೆ. ಅಳತೆಯದ್ದು ಸುಮಾರು 30 ಮಿಲಿಲೀಟರ್, 34 ಔನ್ಸಿಗೆ ಒಂದು ಲೀಟರ್. ಜೇನು, ತೆಂಗಿನೆಣ್ಣೆ ಕೊಳ್ಳುವಾಗ ಒಂದು ಡಬ್ಬದ ಮೇಲೆ ತೂಕ, ಇನ್ನೊಂದರ ಮೇಲೆ ಅಳತೆ ಇದ್ದರೆ ಹೋಲಿಸಬೇಡಿ. ಗ್ರಾಂ ಅಥವಾ ಮಿಲಿಲೀಟರ್ ಅಂತ ಪಕ್ಕದಲ್ಲೇ ಬರೆದಿರುತ್ತಾರೆ, ಅದನ್ನೇ ಹಿಡಿಯಿರಿ.

ಹಾಲು ಅಮೆರಿಕದಲ್ಲಿ ಗ್ಯಾಲನ್ ಲೆಕ್ಕ, 3.78 ಲೀಟರ್. ಕಾಸ್ಟ್‌ಕೋದಲ್ಲಿ ಎರಡು ಗ್ಯಾಲನ್ ಜೋಡಿಸಿಯೇ ಕೊಡುವುದು ಜಾಸ್ತಿ. ಒಂಟಾರಿಯೋದಲ್ಲಿ ನಮ್ಮ ಹಾಗೆ ಪ್ಯಾಕೆಟ್ ಹಾಲು ಸಿಗುತ್ತದೆ, ಮೂರು ಪ್ಯಾಕೆಟ್ ಸೇರಿ 4 ಲೀಟರ್. ಮನೆಯಲ್ಲೇ ಮೊಸರು ಹೆಪ್ಪು ಹಾಕುವುದಾದರೆ ಇಷ್ಟು ಹಾಲು ಹೆಚ್ಚಲ್ಲ. ನಾನಿರುವಷ್ಟು ದಿನ ಮಕ್ಕಳು ಅಂಗಡಿಯ ಮೊಸರು ತರುವುದಿಲ್ಲ, ಮಜ್ಜಿಗೆಗೂ ಧಾರಾಳ ಆಗುತ್ತದೆ.

ಬೆಣ್ಣೆ ತಂದು ತುಪ್ಪ ಕಾಯಿಸುವುದು

ಕಾರ್ಡಿನ ಹಣ ನಿಜವಾಗಿ ಹುಟ್ಟುವುದು ಇಲ್ಲಿ ಅಂತ ನನ್ನ ಅಭಿಪ್ರಾಯ. ತುಪ್ಪದ ಬಾಟಲಿ ಅಲ್ಲಿ ದುಬಾರಿ. ಕರ್ಕ್‌ಲ್ಯಾಂಡಿನ ಉಪ್ಪಿಲ್ಲದ ಬೆಣ್ಣೆ ಒಂದೊಂದು ಪೌಂಡಿನ ನಾಲ್ಕು ಪೆಟ್ಟಿಗೆ ಸೇರಿಸಿ ಮಾರುತ್ತಾರೆ. ಒಟ್ಟು 1.8 ಕಿಲೋ. ಅಮೆರಿಕದ ಬೆಣ್ಣೆಯಲ್ಲಿ ಕಾನೂನಿನ ಪ್ರಕಾರ ನೂರಕ್ಕೆ 80 ಪಾಲಾದರೂ ಜಿಡ್ಡು ಇರಲೇಬೇಕು. ಹಾಗಾಗಿ ನೀರು, ಗಸಿ ಹೋಗಿ ಒಂದು ಕಿಲೋ ಮುನ್ನೂರೈವತ್ತು ಗ್ರಾಮಿನ ಮೇಲೆಯೇ ತುಪ್ಪ ಸಿಗುತ್ತದೆ. ಬಾಟಲಿ ತುಪ್ಪದ ಕಿಲೋ ಬೆಲೆಯನ್ನು ಇದರ ಪಕ್ಕ ಬರೆದು ನೋಡಿ.

ಉಪ್ಪು ಹಾಕಿದ ಬೆಣ್ಣೆ ಬೇಡವೇ ಬೇಡ. ಪೆಟ್ಟಿಗೆಯ ಬಣ್ಣ ನೋಡಿ ತರಬೇಡಿ, ಅಕ್ಷರ ಓದಿ ತನ್ನಿ. ದಪ್ಪ ತಳದ ಪಾತ್ರೆಯಲ್ಲಿ ಸಣ್ಣ ಉರಿಯಲ್ಲಿ ಇಡಿ. ಮೊದಲು ಬಿಳಿ ನೊರೆ ಬಂದು ಚಟಪಟ ಸದ್ದು ಜೋರಾಗಿರುತ್ತದೆ, ಅದು ನೀರು ಹೋಗುವ ಸದ್ದು. ಸದ್ದು ಕಡಿಮೆಯಾಗಿ ನೊರೆ ಸಣ್ಣ ಸಣ್ಣ ಗುಳ್ಳೆಯಾದಾಗ ಪಾತ್ರೆ ಬಿಟ್ಟು ಆಚೀಚೆ ಹೋಗಬಾರದು. ತಳದ ಗಸಿ ಹೊಂಬಣ್ಣಕ್ಕೆ ತಿರುಗಿದ ಕೂಡಲೇ ಇಳಿಸಿ. ಅಲ್ಲಿನ ಬೆಣ್ಣೆ ಮೊಸರು ಕಡೆದು ತೆಗೆದದ್ದಲ್ಲ, ಸಿಹಿ ಕೆನೆಯಿಂದ ಮಾಡಿದ್ದು. ಅದಕ್ಕೇ ನಮ್ಮ ಮನೆ ತುಪ್ಪದ ಘಮ ಬರುವುದಿಲ್ಲ. ಇಳಿಸುವ ಹೊತ್ತಿಗೆ ಒಂದು ವೀಳ್ಯದೆಲೆ ಹಾಕಿದರೆ ಪರಿಮಳ ಸ್ವಲ್ಪ ಹತ್ತಿರ ಬರುತ್ತದೆ. ಇಂಡಿಯನ್ ಅಂಗಡಿಯಲ್ಲಿ ಎಲೆ ಸಿಗುತ್ತದೆ. ಒಲೆಯ ಮೇಲಿನ ಫ್ಯಾನು ಹಾಕಿಯೇ ಕಾಯಿಸಿ, ಹೊಗೆ ಎದ್ದರೆ ಅಲಾರಂ ಬಡಿದುಕೊಳ್ಳುತ್ತದೆ. ಉಳಿದ ಬೆಣ್ಣೆಯ ಪೆಟ್ಟಿಗೆಯನ್ನು ಫ್ರೀಜರಿನಲ್ಲಿ ಇಟ್ಟರೆ ಏನೂ ಆಗುವುದಿಲ್ಲ. ಬೆಲೆ ಇಳಿದಾಗ ಎರಡು ಕಟ್ಟು ತಂದಿಟ್ಟುಕೊಂಡರೂ ನಷ್ಟವಿಲ್ಲ.

ಯಾವುದನ್ನು ದೊಡ್ಡದಾಗಿ ತರಬೇಕು, ಯಾವುದನ್ನು ತರಬಾರದು

ಅಕ್ಕಿ ತನ್ನಿ. ಬಾಸ್ಮತಿ 20 ಪೌಂಡಿನ ಗೋಣಿಚೀಲ, ಅಂದರೆ 9 ಕಿಲೋ. ಜಿಪ್ ಇರುವ ಆ ಚೀಲ ಆಮೇಲೂ ಉಪಯೋಗಕ್ಕೆ ಬರುತ್ತದೆ. ಸಕ್ಕರೆ, ಉಪ್ಪು, ಬಾದಾಮಿ, ಬಟ್ಟೆ ಸೋಪು ತನ್ನಿ. ಬಾದಾಮಿ ಮೂರು ಪೌಂಡಿನ ಚೀಲ, ಫ್ರಿಜ್ಜಿನಲ್ಲಿಟ್ಟರೆ ಜಿಡ್ಡು ಕಮಟುವುದಿಲ್ಲ.

ಮಸಾಲೆ ಪುಡಿಗಳನ್ನು ತರಬೇಡಿ. ಅರಶಿನ, ಜೀರಿಗೆ ಪುಡಿಯ ದೊಡ್ಡ ಡಬ್ಬ ಒಡೆದ ಕೆಲವು ತಿಂಗಳಿಗೆ ಪರಿಮಳ ಕಳೆದುಕೊಳ್ಳುತ್ತದೆ. ಬಂದರಿನಿಂದ ತರುವಾಗಲೂ ನಾನು ಮೆಣಸು ಜಾಸ್ತಿ ತಂದರೂ ಪುಡಿ ಮಾಡುವುದು ಸ್ವಲ್ಪ ಸ್ವಲ್ಪವೇ. ದೊಡ್ಡ ಎಣ್ಣೆ ಡಬ್ಬವೂ ಇಬ್ಬರ ಮನೆಗೆ ಬೇಡ. ಗೋಧಿಹಿಟ್ಟು ದೊಡ್ಡ ಚೀಲ ತಂದರೆ ನಾಲ್ಕೈದು ದಿನ ಫ್ರೀಜರಿನಲ್ಲಿಟ್ಟು ತೆಗೆಯಿರಿ, ಹುಳದ ಮೊಟ್ಟೆ ಇದ್ದರೆ ಸಾಯುತ್ತದೆ. ಪಾಲಕಿನ ದೊಡ್ಡ ಡಬ್ಬ, ಹಣ್ಣಿನ ದೊಡ್ಡ ಪೆಟ್ಟಿಗೆ ಇವು ಮನೆಯಲ್ಲಿ ಜನ ಇದ್ದಾಗ ಮಾತ್ರ. ಹಾಳಾಗಿ ಎಸೆದ ಕಾಲು ಭಾಗವನ್ನು ಬೆಲೆಗೆ ಸೇರಿಸಿ ನೋಡಿದರೆ ಸಣ್ಣ ಅಂಗಡಿಯೇ ಅಗ್ಗ ಆಗಿರುತ್ತದೆ.

ಇದಕ್ಕೆ ಒಳ್ಳೆಯ ದಾರಿ ಪಾಲು ಮಾಡಿಕೊಳ್ಳುವುದು. ಮಗಳ ಬೀದಿಯಲ್ಲಿ ಹಾಸನದವರು ಒಬ್ಬರು, ಪುತ್ತೂರಿನವರು ಒಬ್ಬರು ಇದ್ದಾರೆ. ಒಬ್ಬರು ಹೋದಾಗ ಮೂರು ಮನೆಗೆ ತರುತ್ತಾರೆ, ಅಡಿಗೆಮನೆಯ ತಕ್ಕಡಿಯಲ್ಲಿ ತೂಗಿ ಹಂಚಿಕೊಳ್ಳುತ್ತಾರೆ. ಲೆಕ್ಕ ಆವತ್ತೇ ಮುಗಿಸಬೇಕು. ಆಮೇಲೆ ಕೊಡುತ್ತೇನೆ ಅಂತ ಬಿಟ್ಟರೆ ಸಂಬಂಧಕ್ಕೇ ಕಷ್ಟ.

ಅಂಗಡಿಯ ಒಳಗೆ

ಸಾಧ್ಯವಾದರೆ ವಾರದ ನಡುವೆ ಹೋಗಿ. ಶನಿವಾರ, ಭಾನುವಾರ ಜಾತ್ರೆಯೇ. ಹೊಟ್ಟೆ ತುಂಬಿಸಿಕೊಂಡು ಹೋಗಿ. ಕೈಚೀಲ ಕೊಡುವುದಿಲ್ಲ, ಖಾಲಿ ರಟ್ಟಿನ ಪೆಟ್ಟಿಗೆ ಇಟ್ಟಿರುತ್ತಾರೆ, ಬೇಕಾದರೆ ಅದರಲ್ಲಿ ತುಂಬಿಕೊಳ್ಳಬಹುದು. ಒಂದೆರಡು ಬಟ್ಟೆ ಚೀಲ ಕಾರಿನಲ್ಲೇ ಇರಲಿ.

ಅಮೆರಿಕ, ಕೆನಡಾದ ಕಾಸ್ಟ್‌ಕೋದಲ್ಲಿ ಬೆಲೆ .97 ಅಂತ ಕೊನೆಯಾದರೆ ಸಾಮಾನ್ಯವಾಗಿ ಬೇಗ ಖಾಲಿ ಮಾಡಲು ಇಳಿಸಿದ ಬೆಲೆ. ಚೀಟಿಯ ಬಲಗಡೆ ಮೇಲೆ ನಕ್ಷತ್ರದ ಗುರುತು ಇದ್ದರೆ ಆ ಸಾಮಾನು ಮತ್ತೆ ತರಿಸುವುದಿಲ್ಲ ಅಂತ ಅರ್ಥ. ಮೊಮ್ಮಗುವಿನ ಚಳಿಯ ಜಾಕೆಟ್ ಇಂಥದ್ದರಲ್ಲೇ ಹುಡುಕಿ. ಚಳಿಗಾಲ ಮುಗಿಯುವ ಮೊದಲೇ ಬೆಲೆ ಇಳಿಯುತ್ತದೆ, ಒಂದು ಸೈಜು ದೊಡ್ಡದು ತಂದಿಟ್ಟರೆ ಮುಂದಿನ ವರ್ಷಕ್ಕಾಯಿತು.

ಅಲ್ಲಲ್ಲಿ ತಿಂಡಿಯ ರುಚಿ ನೋಡಲು ಕೊಡುತ್ತಾರೆ. ಸಸ್ಯಾಹಾರಿಗಳು ಕೇಳಿಯೇ ಕೈಗೆ ತೆಗೆದುಕೊಳ್ಳಿ, ಸೂಪು, ಸಾಸುಗಳಲ್ಲಿ ಏನಿದೆ ಅಂತ ಕಣ್ಣಿಗೆ ಕಾಣುವುದಿಲ್ಲ. ಕೇಳಿದರೆ ಅವರು ಪೆಟ್ಟಿಗೆಯನ್ನೇ ತಿರುಗಿಸಿ ತೋರಿಸುತ್ತಾರೆ, ಸಂಕೋಚ ಬೇಡ. ಹೊರಗಿನ ತಿಂಡಿ ಕೌಂಟರಿನಲ್ಲಿ ಹಾಟ್ ಡಾಗ್ ಪ್ರಸಿದ್ಧ, 1985ರಿಂದ ಅಮೆರಿಕದಲ್ಲಿ ಅದರ ಬೆಲೆ ಒಂದೂವರೆ ಡಾಲರೇ. ನಮ್ಮಂಥವರಿಗೆ ಚೀಸ್ ಪಿಜ್ಜಾ ಇದೆ. ಒಂದು ತುಂಡೇ ಒಬ್ಬರಿಗೆ ಊಟದಷ್ಟು.

ಹೊರಗೆ ಬರುವಾಗ ಬಾಗಿಲಲ್ಲಿ ಒಬ್ಬರು ಬಿಲ್ಲು ಕೇಳಿ, ಟ್ರಾಲಿ ನೋಡಿ, ಗೀಟು ಎಳೆದು ಕೊಡುತ್ತಾರೆ. ನಮ್ಮವರಿಗೆ ಮೊದಲ ಸಲ ಇದು ಮನಸ್ಸಿಗೆ ಚುಚ್ಚಿತ್ತು, ಕಳ್ಳರ ಹಾಗೆ ನೋಡುತ್ತಾರಲ್ಲ ಅಂತ. ನೋಡಿ ಮಾರಾಯ್ರೇ, ಬೇಸರ ಮಾಡಬೇಡಿ. ಎಲ್ಲರಿಗೂ ಹಾಗೆಯೇ. ಒಂದೇ ಸಾಮಾನಿಗೆ ಎರಡು ಸಲ ಬಿಲ್ಲು ಬಿದ್ದಿದ್ದರೂ ಅಲ್ಲೇ ಸಿಕ್ಕಿಬೀಳುತ್ತದೆ. ಬಿಲ್ಲು ಕೈಯಲ್ಲೇ ಹಿಡಿದಿರಿ, ಪರ್ಸಿನ ಆಳಕ್ಕೆ ಹಾಕಬೇಡಿ.

ಬೇರೆ ದೇಶಗಳು, ನಮ್ಮ ದೇಶ

ಇಂಗ್ಲೆಂಡಿನಲ್ಲಿ ಹಣ ಕಟ್ಟಿದ ಮಾತ್ರಕ್ಕೆ ಯಾರಿಗಾದರೂ ಕಾಸ್ಟ್‌ಕೋ ಕಾರ್ಡ್ ಕೊಡುವ ಪದ್ಧತಿ ಅಲ್ಲ. ಸ್ವಂತ ವ್ಯಾಪಾರ ಇರಬೇಕು, ಇಲ್ಲವೇ ಅವರ ಪಟ್ಟಿಯಲ್ಲಿರುವ ಕೆಲಸದಲ್ಲಿರಬೇಕು. ಆಸ್ಪತ್ರೆ, ಶಾಲೆ, ಪೊಲೀಸ್, ಬ್ಯಾಂಕು ಹೀಗೆ. ತಂಗಿಯ ಮಗಳು ಸರಕಾರಿ ಆಸ್ಪತ್ರೆಯಲ್ಲಿ ನರ್ಸ್ ಆದ್ದರಿಂದ ಅವಳಿಗೆ ಸಿಕ್ಕಿತು. ಚೀಟಿಯಲ್ಲಿ ಎರಡು ಬೆಲೆ ಇರುತ್ತದೆ, ವ್ಯಾಟ್ ಅನ್ನುವ ತೆರಿಗೆ ಬಿಟ್ಟು ಒಂದು, ಸೇರಿಸಿ ಒಂದು. ದೊಡ್ಡ ಅಕ್ಷರದಲ್ಲಿ ಬರೆದ ಬೆಲೆ ನೋಡಿ ಖುಷಿ ಪಡಬೇಡಿ, ವ್ಯಾಟ್ ಸೇರಿದ್ದೇ ನಿಮ್ಮ ಬೆಲೆ. ಊಟದ ಸಾಮಾನಿಗೆ ಹೆಚ್ಚಾಗಿ ವ್ಯಾಟ್ ಇಲ್ಲ, ಉಳಿದದ್ದಕ್ಕೆ ಹೆಚ್ಚಾಗಿ ನೂರಕ್ಕೆ 20.

ಆಸ್ಟ್ರೇಲಿಯಾಕ್ಕೆ ಕಾಸ್ಟ್‌ಕೋ 2009ರಲ್ಲಿ ಬಂತು, ಮೊದಲು ಮೆಲ್ಬರ್ನಿಗೆ. ನ್ಯೂಜಿಲೆಂಡಿಗೆ 2022ರಲ್ಲಿ. ಜಪಾನ್, ತೈವಾನ್, ಕೊರಿಯಾದಲ್ಲೂ ಇದೆ. ಶಾಂಘೈಯಲ್ಲಿ 2019ರಲ್ಲಿ ಬಾಗಿಲು ತೆರೆದ ಮೊದಲ ದಿನವೇ ಜನ ತುಂಬಿ ಮಧ್ಯಾಹ್ನ ಮುಚ್ಚಬೇಕಾಯಿತು. ಕೊಲ್ಲಿಯಲ್ಲಿ ಕಾಸ್ಟ್‌ಕೋ ಇಲ್ಲ. ದುಬೈ, ದೋಹಾದಲ್ಲಿರುವ ನಮ್ಮ ಉಪ್ಪಳ, ಕುಂಬಳೆಯವರು ಲುಲು, ಕ್ಯಾರೆಫೋರ್‌ಗೆ ಹೋಗುತ್ತಾರೆ, ಅಲ್ಲಿ ಒಳಗೆ ಹೋಗಲು ವರ್ಷದ ಹಣ ಕಟ್ಟಬೇಕಾಗಿಲ್ಲ.

ನಮ್ಮ ದೇಶಕ್ಕೂ ಕಾಸ್ಟ್‌ಕೋ ಅಂಗಡಿ ಬಂದಿಲ್ಲ. ಅದಕ್ಕೆ ಹೋಲುವಂಥದ್ದು ಅಂದರೆ ಬೆಂಗಳೂರಿನ ಮೆಟ್ರೋ ಅನ್ನುವ ಸಗಟು ಅಂಗಡಿ. ಜರ್ಮನಿಯವರು 2003ರಲ್ಲಿ ಶುರು ಮಾಡಿದ್ದು, 2023ರಲ್ಲಿ ರಿಲಯನ್ಸ್‌ನವರು ಕೊಂಡುಕೊಂಡರು. ಜರ್ಮನಿಯವರ ಕಾಲದಲ್ಲಿ ಅದು ವ್ಯಾಪಾರಿಗಳಿಗಾಗಿ ಇದ್ದ ಅಂಗಡಿ. ವಿದೇಶಿ ಕಂಪನಿ ಪೂರ್ತಿ ಬಂಡವಾಳ ಹಾಕಿ ಸಗಟು ಅಂಗಡಿ ಇಡಬೇಕಾದರೆ ವ್ಯಾಪಾರಿಗಳಿಗೆ ಮಾತ್ರ ಮಾರಬೇಕು ಅಂತ ಸರಕಾರದ ನಿಯಮ. ಅದಕ್ಕೇ ಕಾರ್ಡಿಗೆ ಜಿ.ಎಸ್.ಟಿ. ನಂಬರೋ ಅಂಗಡಿಯ ಲೈಸೆನ್ಸೋ ಕೇಳುತ್ತಿದ್ದರು. ಪಟ್ಟಾಳದಿಂದ ನಿವೃತ್ತರಾದವರ ಮನೆಯಲ್ಲಿ ಮಿಲಿಟರಿ ಕ್ಯಾಂಟೀನಿನ ಕಾರ್ಡ್ ಇರುತ್ತದೆ. ಅದನ್ನು ಅವರ ಹತ್ತಿರ ಬೇಡಿ ಉಪಯೋಗಿಸುವುದು ಸರಿಯಲ್ಲ, ಅದು ಅವರ ಸೇವೆಗೆ ಕೊಟ್ಟ ಸವಲತ್ತು.

ವಾಪಸ್ ಕೊಡುವುದು, ಕಾರ್ಡ್ ಬಿಡುವುದು

ತಂದದ್ದು ಸರಿ ಇಲ್ಲದಿದ್ದರೆ ವಾಪಸ್ ತೆಗೆದುಕೊಳ್ಳುವುದರಲ್ಲಿ ಕಾಸ್ಟ್‌ಕೋ ಬಹಳ ಧಾರಾಳ. ಒಡೆದ ಪ್ಯಾಕೆಟ್ ಆದರೂ ಕಾರಣ ಹೇಳಿ ಕೊಡಬಹುದು. ಟಿ.ವಿ., ಕಂಪ್ಯೂಟರ್, ಫೋನುಗಳಿಗೆ ಅಮೆರಿಕದಲ್ಲಿ 90 ದಿನದ ಮಿತಿ ಇದೆ. ಆದರೆ ವರ್ಷವಿಡೀ ಉಪಯೋಗಿಸಿ ಆಮೇಲೆ ವಾಪಸ್ ಕೊಡುವುದನ್ನು ಮಕ್ಕಳಿಗೆ ಕಲಿಸಬೇಡಿ. ಅಂಥವರು ಜಾಸ್ತಿಯಾದರೆ ನಿಯಮ ಬಿಗಿಯಾಗುತ್ತದೆ, ನಿಜವಾಗಿ ಕೆಟ್ಟ ಸಾಮಾನು ಸಿಕ್ಕವರಿಗೆ ತೊಂದರೆ.

ಊರಿಗೆ ಬರುವಾಗ ಪೆಟ್ಟಿಗೆ ತುಂಬ ಬಾದಾಮಿ, ಚಾಕಲೇಟು ತರುವವರು ಮಂಗಳೂರಿನ ಬೆಲೆಯನ್ನು ಒಮ್ಮೆ ವಿಚಾರಿಸಿಕೊಳ್ಳಿ. ಮಂಗಳೂರಿನಲ್ಲೋ ಕಣ್ಣೂರಿನಲ್ಲೋ ಇಳಿಯುವ ಹೊತ್ತಿಗೆ ಆ ಕಿಲೋಗಳನ್ನು ಎರಡು ವಿಮಾನ ಬದಲಿಸಿ ಹೊತ್ತಿರುತ್ತೀರಿ. ಕ್ಯಾಲಿಫೋರ್ನಿಯಾದ ಬಾದಾಮಿ ಇಲ್ಲಿಯೂ ಸಿಗುತ್ತದೆ.

ನೀವು ಹೊರಡುವ ಮೊದಲು ಮಕ್ಕಳ ಕಾರ್ಡ್ ಯಾವ ತಿಂಗಳಿಗೆ ಮುಗಿಯುತ್ತದೆ ಅಂತ ಆ ಪುಸ್ತಕದಲ್ಲಿ ಬರೆದುಕೊಡಿ. ಕ್ರೆಡಿಟ್ ಕಾರ್ಡಿಗೆ ಜೋಡಿಸಿದ್ದರೆ ಹಣ ತಾನಾಗಿಯೇ ಕಡಿತವಾಗುತ್ತದೆ. ಮನೆ ಬದಲಿಸಿ ಅಂಗಡಿ ದೂರವಾದರೆ, ಅಥವಾ ಬರೆದ ಲೆಕ್ಕದಲ್ಲಿ ಉಳಿತಾಯ ಕಾಣದಿದ್ದರೆ, ಸರ್ವಿಸ್ ಕೌಂಟರಿಗೆ ಹೋಗಿ ಬೇಡ ಅಂದರೆ ಆಯಿತು. ತೃಪ್ತಿ ಇಲ್ಲ ಅಂದವರಿಗೆ ಕಾರ್ಡಿನ ಹಣವನ್ನು ಪೂರ್ತಿ ವಾಪಸ್ ಕೊಡುತ್ತೇವೆ ಅಂತ ಕಾಸ್ಟ್‌ಕೋದವರೇ ಹೇಳಿಕೊಂಡಿದ್ದಾರೆ. ದೊಡ್ಡ ಕಾರ್ಡನ್ನು ಸಾದಾ ಕಾರ್ಡಿಗೆ ಇಳಿಸುವುದೂ ಅದೇ ಕೌಂಟರಿನಲ್ಲಿ.